ವಾಂಬುಯಿ ಕೇಳಿದ್ದು ಇಷ್ಟೇ

ಹುಕ್ಕೇರಿ
೧೪ ಫೆಬ್ರುವರಿ ೨೦೨೫

ಪ್ರೀತಿಯ ಶ್ರದ್ಧಾ ಅಕ್ಕಾ,

ಲೀಡ್ಸಿನ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆಯೆಂದು ಅವ್ವ ಹೇಳಿದಳು. ಈಗ ಹೇಗಿದೆ? ಔಷಧಿ ಬಿಡಬೇಡ. ಇಲ್ಲಿ ಎಲ್ಲರೂ ಆರಾಮ. ನನಗೆ ಮಾತ್ರ ಊಟ ಸೇರುತ್ತಿಲ್ಲ. ನನ್ನ ಮೇಲೆ ನನಗೇ ಹೇಸಿಕೆ ಬಂದಿದೆ.

ಓದು ಮುಗಿದ ಮೇಲೆ ಅಲ್ಲಿ ಎಂಥ ಕೆಲಸ ಬಯಸುತ್ತೀಯೆಂದು ನೀನು ಬರೆದಿದ್ದನ್ನು ಓದಿ ವಾಂಬುಯಿ ನೆನಪಾದಳು. ಕೀನ್ಯಾದ ಹುಡುಗಿ, ಅರಭಾವಿಯಲ್ಲಿ ತೋಟಗಾರಿಕೆ ಎಂ.ಎಸ್ಸಿ. ಓದುತ್ತಾಳೆ. ಆರು ತಿಂಗಳು ಘಟಪ್ರಭಾದಲ್ಲಿ ಬಸ್ಸು ಬದಲಿಸಿ ನಾನು ಗುಮಾಸ್ತಿಕೆ ಮಾಡುವ ನರ್ಸರಿಗೆ ಬಂದು, ಮೆಣಸಿನ ಸಸಿಗಳು ಬುಡದಲ್ಲೇ ಕೊಳೆಯುವುದೇಕೆಂದು ಕಂಡುಹಿಡಿದಳು. ನಮ್ಮ ಹೆಣ್ಣಾಳುಗಳಿಂದ ಕನ್ನಡವನ್ನೂ ಕಲಿತಳು, ಬೈಗುಳ ಸಮೇತ! ಮಾಲೀಕ ರಾಜಪ್ಪನವರು ನೌಕರಿ ಕೊಡುತ್ತೇನೆಂದು ಕರೆಸಿ, "ನಮ್ಮ ಕಡಿಂದ ನಿನಗ ಏನ ಬೇಕವಾ?" ಎಂದರು. "ಕೆಲಸದ ಕರಾರು ಬರದು ಕೊಡ್ರಿ. ನಾ ಮಾಡಿದ್ದಕ್ಕ ನನ್ನ ಹೆಸರ ಇರ್ಲಿ. ಅಷ್ಟ ಸಾಕ್ರಿ," ಎಂದಳು. ಅವರು ನನ್ನತ್ತ ತಿರುಗಿ ನಕ್ಕರು: "ಪರದೇಶದಾಕಿ, ಕೆಲಸ ಸಿಗೂದ ದೊಡ್ಡದು. ಮ್ಯಾಲ ಹೆಸರ ಬೇರೆ ಬೇಕಂತ!" ನಾನೂ ನಕ್ಕೆ, ಅಕ್ಕಾ. ಆ ನಗು ಈಗಲೂ ಬಾಯಲ್ಲಿ ಕಹಿಯಾಗಿ ಕುಳಿತಿದೆ.

ಆಮೇಲೆ ಅವಳಿಗೆ ಬಿಳಿ ಕೋಟು ತೊಡಿಸಿ, ಕೈಗೆ ಸಸಿಯ ಟ್ರೇ ಕೊಟ್ಟು ಫೋಟೊ ತೆಗೆಸಿದರು. 'ನಮ್ಮ ವಿದೇಶಿ ವಿಜ್ಞಾನಿ' ಎಂದು ಬಾಗಿಲಲ್ಲೇ ಫಲಕ ಹಾಕಿದರು. ಕರಾರು ಮಾತ್ರ ಬರೆಯಲೇ ಇಲ್ಲ. ಸಸಿ ಕೊಳೆಯುವ ಬಗ್ಗೆ ಅವಳು ಬರೆದ ವರದಿಯನ್ನು ತಮ್ಮ ಮಗ ಶೀತಲ್‌ನ ಹೆಸರಲ್ಲಿ ಟೈಪ್ ಮಾಡೆಂದು ನನಗೆ ಕೊಟ್ಟರು. ಕೈಗೆ ಮಣ್ಣು ಹತ್ತಿದರೆ ಮೂಗು ಮುರಿಯುವವನು ಆ ಶೀತಲ್. ಆದರೂ ಟೈಪ್ ಮಾಡಿದೆ.

ಕಳೆದ ವಾರ ಮೂಡಲಗಿಯ ರೈತರ ಸಭೆಯಲ್ಲಿ ಆ ವರದಿಯನ್ನು ಪುಸ್ತಿಕೆ ಮಾಡಿ ಹಂಚಿದರು. ವಾಂಬುಯಿ ಅಲ್ಲೇ ನಿಂತು ಪುಟ ತಿರುವಿದಳು. "ಅಣ್ಣಾ, ಇದನ್ನ ನೀವ ಟೈಪ್ ಮಾಡಿದ್ರಿ?" ಹೌದೆಂದೆ. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಿಕೆಯನ್ನು ನನ್ನ ಕೈಗಿಟ್ಟು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು. ಇತ್ತ ವೇದಿಕೆಯ ಮೇಲೆ ಶೀತಲ್‌ಗೆ ಶಾಲು ಹೊದಿಸುತ್ತಿದ್ದರು.

ಬೆಚ್ಚಗಿರು. ಅಪ್ಪಾಜಿ, ಅವ್ವನ ಆಶೀರ್ವಾದಗಳು.

ನಿನ್ನ ತಮ್ಮ,
ಕುಂಥುನಾಥ

ತಾ.ಕ.: ನಿನ್ನೆ ಬರೆದ ಈ ಪತ್ರವನ್ನು ಇನ್ನೂ ಅಂಚೆಗೆ ಹಾಕಿಲ್ಲ, ಇದನ್ನು ಅವಸರದಲ್ಲಿ ಸೇರಿಸುತ್ತಿದ್ದೇನೆ. ಇಂದು ಬೆಳಿಗ್ಗೆ ಅವಳ ಕೈಬರಹದ ಮೂಲ ವರದಿ, ನಾನೇ ಹೆಸರು ಬದಲಿಸಿದೆನೆಂಬ ಸಹಿ ಹಾಕಿದ ಪತ್ರ, ಎರಡನ್ನೂ ಅರಭಾವಿ ಕಾಲೇಜಿನ ಅವಳ ಮಾರ್ಗದರ್ಶಕರಿಗೆ ಕೊಟ್ಟು ಬಂದೆ. ವಿಷಯ ತಿಳಿದ ರಾಜಪ್ಪನವರು ನನ್ನನ್ನು ನೌಕರಿಯಿಂದ ತೆಗೆದರು, ಕೇಸು ಹಾಕುತ್ತಾರಂತೆ. ವಾಂಬುಯಿಯ ಕ್ಷಮೆ ಕೇಳಿದೆ. ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಅವ್ವನಿಗೆ ನೀನೇ ಹೇಳು.