ಹಳೆಯ ಪೆಟ್ಟಿಗೆಯ ದನಿ

ಸೊಲ್ಲಾಪುರ
12 ಜನವರಿ 1996

ಪರಾಗಣ್ಣನಿಗೆ ಅನುಜಾಳ ನಮಸ್ಕಾರ.

ನಿನ್ನ ಕಾರ್ಡು ಮುಟ್ಟಿತು. ನಮ್ಮ ಆರ್ಕೆಸ್ಟ್ರಾಕ್ಕೆ ಬಂದ ಹೊಸ ಆಂಪ್ಲಿಫಾಯರ್ ನಿನ್ನ ಹಳೆಯದರಷ್ಟು ಚೆನ್ನಾಗಿದೆಯೇ, ಸುಳ್ಳು ಹೇಳದೆ ಬರೆ ಎಂದಿದ್ದೀಯ. ಮೂವತ್ತು ವರ್ಷದ ಹಿಂದಿನ ನಿನ್ನ ಮಾದರಿಯನ್ನೇ ಕಂಪನಿ ಮತ್ತೆ ತಯಾರಿಸಿದೆ. ಮುಂದಿನ ಜಾಲರಿ ಬಟ್ಟೆ, ದನಿ ತಿರುಗಿಸುವ ಗುಂಡಿ ಎಲ್ಲ ಹಾಗೇ ಇವೆ.

ನಮ್ಮ ಮಾಲೀಕರು ದಿಗಂಬರ ಕಾಕಾ, "ಹಳೇದ ಛಲೋ ಅದ ಅಂತ ಬರದ ಬಿಡವಾ. ಜ್ವರದಾಗ ಕಿವಿನ ಹೋಗ್ಯಾವ, ಅಂವ ಎಲ್ಲಿ ಕೇಳಿ ನೋಡ್ತಾನ?" ಎಂದರು. ನನಗೆ ಸಿಟ್ಟು ಬಂತು.

ನಿನ್ನ ಗಿಟಾರನ್ನೇ ಎರಡಕ್ಕೂ ಹಚ್ಚಿ ಬಾರಿಸಿದೆ. ಹೊಸದರ ದನಿ ಸ್ವಚ್ಛವಾಗಿದೆ. ಹಳೆಯದು ಒಳಗಿನ ಗಾಜಿನ ವಾಲ್ವು ಕಾದ ಮೇಲೆ ಗುಂಯ್ ಎನ್ನುತ್ತಲೇ ಇರುತ್ತದೆ. ಆದರೆ ಜೋರು ಮಾಡಿದರೆ ಹೊಸದರ ದನಿ ಗಡುಸಾಗಿ ಒಡೆಯುತ್ತದೆ, ಹಳೆಯದರದು ಅಳು ನುಂಗಿದವರ ಗಂಟಲಿನಂತೆ ಮೆತ್ತಗೆ.

ನಡುವೆ ಎರಡನೆಯ ತಂತಿಯ ಶ್ರುತಿ ಇಳಿದಿತ್ತು. ಯಾರೂ ಏನೂ ಅನ್ನಲಿಲ್ಲ. ಹೋದ ವರ್ಷವಾಗಿದ್ದರೆ ನೀನು ಅಂಗಳದಿಂದಲೇ ಕೂಗುತ್ತಿದ್ದೆ. ನಾನೇ ತಂತಿ ಬಿಗಿದು ಮುಂದುವರಿಸಿದೆ.

ಆಮೇಲೆ ಕಾಕಾರಿಗೆ ಬಾರಿಸಲು ಹೇಳಿ, ಕಿವಿಗೆ ಅರಳೆ ತುರುಕಿಕೊಂಡು ಎರಡೂ ಪೆಟ್ಟಿಗೆಗಳ ಮೇಲೆ ಅಂಗೈ ಇಟ್ಟು ನೋಡಿದೆ. ಹೊಸದು ಬೆರಳಿಗಷ್ಟೇ ತಾಗಿತು. ಹಳೆಯದು ಮೊಣಕೈವರೆಗೂ ನಡುಗಿಸಿತು. ಕಾಕಾ ಗಿಟಾರು ಕೆಳಗಿಟ್ಟು, "ಹಳೇದನ್ನ ಅಂವಗ ಒಯ್ದು ಬಿಡವಾ" ಎಂದರು.

ಭಾನುವಾರ ಹಳೆಯದನ್ನು ಬಸ್ಸಿನಲ್ಲಿ ಅಕ್ಕಲಕೋಟೆಗೆ ತರುತ್ತಿದ್ದೇನೆ. ಭಾರ ಇದೆ, ಹತ್ತು ಗಂಟೆಗೆ ಸ್ಟ್ಯಾಂಡಿಗೆ ಬಾ. ಮನೆಯಲ್ಲಿ ನಾನು ಬಾರಿಸುತ್ತೇನೆ, ನೀನು ಕೈ ಇಟ್ಟು ಕೂತಿರು. ಆಯಿಯನ್ನು ಮಾತ್ರ ಅಷ್ಟು ಹೊತ್ತು ನೆರೆಮನೆಗೆ ಕಳಿಸು. ಮಗನನ್ನು ಹಾಗೆ ನೋಡಿ ಅವಳು ಅತ್ತರೆ ನಿನಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ.

ನಿನ್ನ ತಂಗಿ,
ಅನುಜಾ