ಸುವರ್ಣಗಡ್ಡೆ ಬಡಿಸಿದ ಮೇಲೆ

ನೆರಳು ಹಾಸಿದ ಇನ್ನೂರ ಹದಿನಾಲ್ಕನೇ ವರ್ಷ,
ತಂಪು ತಿಂಗಳ ಮೂವತ್ತಾರನೇ ದಿನ,
ಏಳನೇ ನೆರಳು, ಒಲೆಮನೆಯಿಂದ.

ನಮಗಿಂತ ಮುಂಚೆ ಈ ನೆಲದಲ್ಲಿ ಉಂಡವರಿಗೆ ಓಬಕ್ಕನ ಶರಣು.

ತಿಂಗಳಿಗೆ ಮೂವತ್ತಾರನೇ ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಮನ್ನಿಸಬೇಕು. ನಾನು ಉದ್ದುದ್ದ ಬರೆಯಲು ಕಲಿತದ್ದು ನಿಮ್ಮ ಅಡುಗೆ ಪುಸ್ತಕಗಳನ್ನು ಓದಿ. ಹಾಗಾಗಿ ಸಿಟ್ಟು ಬಂದಾಗಲೂ ಬಾಣಲೆಗೆ ಎಣ್ಣೆ ಹಾಕಿ ಎನ್ನುವ ಧಾಟಿಯೇ ಬರುತ್ತದೆ. ಸಿಟ್ಟಂತೂ ಬಂದಿದೆ, ಅದೂ ನಿಮ್ಮ ಮೇಲೆಯೇ. ಅದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ನೆರಳು ಎಂದರೆ ನಮ್ಮಲ್ಲಿ ಊರು. ಬಿಸಿಲು ಮೈಮೇಲೆ ತಡೆಯಲಾಗದಂತಾದಾಗ ಹಿಂದಿನವರು ಈ ಸಿರಾ ಸೀಮೆಯ ಬಯಲಿನಲ್ಲಿ ಕಂಬ ನೆಟ್ಟು, ಹರದಾರಿ ಅಗಲದ ಹಾಸುಗಳನ್ನು ಕಟ್ಟಿದರು. ಒಂದೊಂದು ಹಾಸಿನ ಕೆಳಗೆ ಒಂದೊಂದು ಊರು; ನಮ್ಮದು ಏಳನೆಯದು, ನಾನ್ನೂರು ಜನ. ನಮ್ಮಲ್ಲಿ ಊಟವಿಲ್ಲ, ಬಿಲ್ಲೆ ಇದೆ. ಅಳತೆಮನೆ ಎಂಬ ಕಚೇರಿಯವರು ತಿಂಗಳಿಗೊಮ್ಮೆ ಪ್ರತಿಯೊಬ್ಬರ ರಕ್ತ ನೋಡುತ್ತಾರೆ. ಯಾರ ಮೈಗೆ ಎಷ್ಟು ಬೇಕೋ ಅಷ್ಟೇ ರಾಗಿ, ಹುರುಳಿ, ಕಡಲೆಕಾಯಿ, ಎಳ್ಳು, ನುಗ್ಗೆಸೊಪ್ಪು ಬೆರೆಸಿ, ಒತ್ತಿ, ಅಂಗೈಯಗಲದ ಬಿಲ್ಲೆ ಮಾಡಿ ಬಾಗಿಲಿಗೆ ಕಳಿಸುತ್ತಾರೆ. ನಿಮ್ಮನ್ನು ಕಾಡಿದ ಸಕ್ಕರೆ ಕಾಯಿಲೆ ಇಲ್ಲಿಲ್ಲ, ರಕ್ತ ಕಡಿಮೆಯಾಗಿ ತಲೆ ಸುತ್ತಿ ಬೀಳುವ ಹೆಂಗಸರಿಲ್ಲ. ಅಳತೆಮನೆಯವರನ್ನು ದೂರಿದರೆ ನನ್ನ ನಾಲಗೆಗೆ ಹುಳ ಬೀಳಬೇಕು. ಆದರೆ ಬಿಲ್ಲೆಯನ್ನು ನಿಂತಲ್ಲೇ ನಾಲ್ಕು ಕಚ್ಚಿಗೆ ತಿಂದು ನೀರು ಕುಡಿದರೆ ಮುಗಿಯಿತು. ಅದಕ್ಕಾಗಿ ಯಾರೂ ಯಾರನ್ನೂ ಕಾಯುವುದಿಲ್ಲ. ನನ್ನ ಗಂಡ ತೀರಿಕೊಂಡ ವರ್ಷ ನಾನು ಎರಡು ತಿಂಗಳು ಯಾರೊಂದಿಗೂ ಒಂದು ಮಾತೂ ಆಡದೆ ಕಳೆದೆ. ದಿನಕ್ಕೆರಡು ಬಿಲ್ಲೆ ತಪ್ಪದೆ ಬರುತ್ತಿದ್ದವು. ಆ ಎರಡು ತಿಂಗಳೂ ನನ್ನ ರಕ್ತದಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ಆಮೇಲೆ ಹಳೆಯ ಕಾಗದಗಳನ್ನು ಒಣಗಿಸಿ ಜೋಡಿಸುವ ಕೆಲಸಕ್ಕೆ ಸೇರಿದೆ. ನಿಮ್ಮ ಕೋಷ್ಟಕಗಳು ಚೆನ್ನಾಗಿ ಉಳಿದಿವೆ. ರಾಗಿಯಲ್ಲಿ ಕ್ಯಾಲ್ಸಿಯಂ ಎಷ್ಟು, ಹುರುಳಿಯಲ್ಲಿ ಪ್ರೋಟೀನು ಎಷ್ಟು, ನುಗ್ಗೆಸೊಪ್ಪಿನಲ್ಲಿ ಕಣ್ಣಿಗೆ ಒಳ್ಳೆಯದು ಏನಿದೆ, ಎಲ್ಲವೂ ಸಾಲುಸಾಲಾಗಿ ಇವೆ. ಅಡುಗೆ ಪುಸ್ತಕಗಳು ಮಾತ್ರ ಚೂರುಚೂರು. ಒಂದು ಚೂರಿನಲ್ಲಿ ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದಿತ್ತು. ಅಳತೆಮನೆಯವರು ಮೊದಲಿನರ್ಧವನ್ನು ಮಾತ್ರ ತಮ್ಮ ಗೋಡೆಯ ಮೇಲೆ ಬರೆಸಿಕೊಂಡರು. ಎರಡನೆಯದರ ಅಗತ್ಯವೂ ಇರಲಿಲ್ಲ ಅನ್ನಿ. ಮಾತೇ ಇಲ್ಲದ ಊರಿನಲ್ಲಿ ಜಗಳ ಎಲ್ಲಿಂದ ಬರಬೇಕು.

ಮೂರು ವರ್ಷದ ಹಿಂದೆ ನಾನು ಊರಕೂಟದ ಮುಂದೆ ನಿಂತು ಒಂದು ಒಲೆ ಕೊಡಿ ಎಂದೆ. ಹಾಸಿನ ಅಂಚಿನಲ್ಲಿ ಬಿಸಿಲು ಬೀಳುವ ಕಡೆ ಕನ್ನಡಿಗಳನ್ನು ಒಟ್ಟಿ ಬಿಸಿಲೊಲೆ ಮಾಡಿಕೊಟ್ಟರು. ಎಂಟು ದಿನಕ್ಕೊಮ್ಮೆ, ನಡುಮಧ್ಯಾಹ್ನ, ಹನ್ನೊಂದು ಜನ ಅಷ್ಟು ದೂರ ನಡೆದು ಬಂದು ನೆಲದ ಮೇಲೆ ಸಾಲಾಗಿ ಕೂರುತ್ತಿದ್ದರು. ಪಂಕ್ತಿ ಎಂಬ ಮಾತನ್ನು ನಿಮ್ಮ ಕಾಗದದಿಂದಲೇ ಎತ್ತಿಕೊಂಡೆವು. ಮೊದಮೊದಲು ಪಟ್ಟ ಪಾಡು ಕೇಳಬೇಡಿ. ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ನೀವು ಎಲ್ಲೂ ಬರೆದಿಲ್ಲ. ಹನ್ನೊಂದು ಜನರೂ ಅಗಿದು ಅಗಿದು ದವಡೆಗೆ ಅಂಟಿಸಿಕೊಂಡು ಮೂಕರಂತೆ ನನ್ನನ್ನೇ ನೋಡಿದರು. ಹುರುಳಿಯನ್ನು ಹಿಂದಿನ ದಿನವೇ ನೆನೆಹಾಕಬೇಕೆಂದು ತಿಳಿಯದೆ ಹೊತ್ತು ಇಳಿಯುವವರೆಗೆ ಬೇಯಿಸಿದೆ, ಆದರೂ ಬೆಣಚುಕಲ್ಲು. ಹದ ಬಂದ ಮೇಲೆ ಇಳಿಸಿ ಎನ್ನುತ್ತೀರಿ. ಹದ ಹೇಗಿರುತ್ತದೆ, ಬಂದರೆ ಬಾಗಿಲು ತಟ್ಟುತ್ತದೆಯೇ? ಉಪ್ಪು ರುಚಿಗೆ ತಕ್ಕಷ್ಟು ಎನ್ನುತ್ತೀರಿ. ಯಾರ ರುಚಿಗೆ?

ಆದರೂ ಕಲಿತೆವು. ಮೊಳಕೆ ಬಂದ ಹುರುಳಿಯನ್ನು ಬೇಯಿಸಿ, ಕಟ್ಟು ಬಸಿದು, ಹುಣಸೆಹಣ್ಣು ಕಿವುಚಿ ಸಾರು ಮಾಡಿದಾಗ ಎಲ್ಲರೂ ತಟ್ಟೆ ನೆಕ್ಕಿದರು. ಸೊಪ್ಪಿಗೆ ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆಂದು ಕೋಷ್ಟಕ ನೋಡಿ ನಾನೇ ಎಲ್ಲರಿಗೂ ಹೇಳಿದೆ. ಎಪ್ಪತ್ತು ದಾಟಿದ ಕರಿಯಕ್ಕನಿಗೆ ಹುಳಿ ಎಂದರೆ ಪ್ರಾಣ. ಏನೇ ಬಡಿಸಿದರೂ ಮೇಲೆ ಸಾರು ಸುರಿದುಕೊಂಡೇ ಉಣ್ಣುವುದು. ಪಕ್ಕದಲ್ಲಿ ಕೂರುವ ತಿಪ್ಪಣ್ಣನವರು, "ಈ ವಯಸ್ನಾಗೆ ಏನಕ್ಕ ಬಸುರಿ ಬಯಕೆ?" ಎಂದು ರೇಗಿಸುವರು. ತಿಪ್ಪಣ್ಣನವರು ಕಂಬಗಳನ್ನು ಕಾಯುವವರು, ಒಂಟಿ ಜೀವ. ಎರಡನೇ ಸಲ ಬಡಿಸಿಕೊಳ್ಳದೆ ಎದ್ದವರಲ್ಲ. ಆ ಮೂರು ವರ್ಷ ನಾನು ಸುಖವಾಗಿದ್ದೆ, ಅದನ್ನು ಮುಚ್ಚಿಡುವುದೇಕೆ.

ಬಿಸಿ ತಿಂಗಳ ಕೊನೆಯಲ್ಲಿ ಹೊಸ ಕಂಬಕ್ಕೆ ಗುಂಡಿ ತೋಡುವಾಗ ನೆಲದೊಳಗೆ ದೊಡ್ಡ ದೊಡ್ಡ ಗಡ್ಡೆಗಳು ಸಿಕ್ಕವು. ಹೊರಗೆ ಮಣ್ಣುಬಣ್ಣ, ಒರಟು, ಒಳಗೆ ಹೊಂಬಣ್ಣ. ತಿಪ್ಪಣ್ಣನವರೇ ಒಂದನ್ನು ಹೆಗಲ ಮೇಲೆ ಹೊತ್ತು ತಂದರು. ಚಿತ್ರ ನೋಡಿ ಸುವರ್ಣಗಡ್ಡೆ ಎಂದು ಗುರುತಿಸಿದೆ. ಕೋಷ್ಟಕದಲ್ಲಿ ಎಲ್ಲವೂ ಒಳ್ಳೆಯದೇ ಇತ್ತು: ಪಿಷ್ಟ ಇದೆ, ನಾರು ಇದೆ, ಪೊಟ್ಯಾಸಿಯಂ ಧಾರಾಳ, ಹೊಟ್ಟೆ ತುಂಬುತ್ತದೆ, ಮೂಲವ್ಯಾಧಿಗೂ ಹಿತ. ಅಡುಗೆಯ ಬಗ್ಗೆ ಒಂದೇ ಚೂರು ಸಿಕ್ಕಿತು. ಅದರಲ್ಲಿದ್ದದ್ದು ಇಷ್ಟು: ಸುವರ್ಣಗಡ್ಡೆಯನ್ನು ಎಂದಿನಂತೆ ಸಿದ್ಧಪಡಿಸಿಕೊಂಡು, ಹೋಳು ಮಾಡಿ, ಒಗ್ಗರಣೆಗೆ ಹಾಕಿ ಪಲ್ಯ ಮಾಡಿ.

ಎಂದಿನಂತೆ ಎಂದರೆ ಏನೆಂದು ಕೇಳಲು ಯಾರಿದ್ದರು? ತೊಳೆದು ಸಿಪ್ಪೆ ತೆಗೆಯುವುದಿರಬೇಕು ಎಂದುಕೊಂಡೆ. ಹೆಚ್ಚುವಾಗ ಕೈ ನವೆಯಾಯಿತು. ಹೊಸ ಸಾಬೂನಿನದೆಂದು ಸುಮ್ಮನಾದೆ. ಪಲ್ಯ ನೋಡಲು ಚೆನ್ನಾಗಿತ್ತು. ಎರಡನೇ ತುತ್ತಿಗೆ ಒಬ್ಬರು ಗಂಟಲು ಹಿಡಿದುಕೊಂಡರು. ಆಮೇಲೆ ಸಾಲುಸಾಲಾಗಿ ಹೆಚ್ಚುಕಡಿಮೆ ಎಲ್ಲರೂ ಕೆಮ್ಮಿ, ಉಗುಳಿ, ತುಟಿ ಊದಿಸಿಕೊಂಡು ಎದ್ದರು. ತಿಪ್ಪಣ್ಣನವರು ಉರಿ ತಡೆದುಕೊಂಡು, ನನ್ನ ಮೇಲಿನ ನಂಬಿಕೆಗೆ ತಟ್ಟೆ ಖಾಲಿ ಮಾಡಿ ಎರಡನೇ ಸಲವೂ ಬಡಿಸಿಕೊಂಡಿದ್ದರು. ಅವರ ಗಂಟಲು ಕಟ್ಟಿತು. ಎರಡು ದಿನ ಮಾತು ಹೊರಡಲಿಲ್ಲ. ಅವರು ಉಳಿಯುವುದಿಲ್ಲ ಎಂದೇ ಊರೆಲ್ಲ ತಿಳಿದಿತ್ತು. ನಾನು ಅವರ ಬಾಗಿಲ ಹೊರಗೆ ಕೂತಿದ್ದೆ, ಒಳಗೆ ಹೋಗುವ ಮುಖ ನನಗಿರಲಿಲ್ಲ.

ಅವರು ಉಳಿದರು. ಪಂಕ್ತಿ ಉಳಿಯಲಿಲ್ಲ. ಅದಾಗಿ ಐದು ಸಲ ಒಲೆ ಹಚ್ಚಿದ್ದೇನೆ, ಒಬ್ಬರೂ ಬಂದಿಲ್ಲ. ಎದುರಿಗೆ ಸಿಕ್ಕವರು, "ಬಿಲ್ಲೆ ಐತಲ್ಲಕ್ಕ, ಯಾಕ್ ಬೇಕಿತ್ತು ಈ ಉಸಾಬರಿ?" ಎಂದು ಮೆಲ್ಲಗೆ ಹೇಳಿ ದಾಟಿಹೋಗುತ್ತಾರೆ. ಬೈದಿದ್ದರೆ ವಾಸಿಯಿತ್ತು. ಇನ್ನು ನಾಲ್ಕು ದಿನಕ್ಕೆ ಊರಕೂಟ ಸೇರುತ್ತದೆ. ಪಂಕ್ತಿಯವರು ಒಬ್ಬರಾದರೂ ಬಂದು ಒಲೆ ಬೇಕೆನ್ನದಿದ್ದರೆ ಕನ್ನಡಿಗಳನ್ನು ಬಿಚ್ಚಿಕೊಂಡು ಹೋಗುತ್ತಾರೆ.

ಉತ್ತರವನ್ನು ನಾನು ಕಂಡುಹಿಡಿದಿದ್ದೇನೆ, ಹಿರಿಯರೇ, ನಿಮ್ಮ ಸಹಾಯವಿಲ್ಲದೆಯೇ. ಹನ್ನೊಂದು ಜನರಲ್ಲಿ ಕರಿಯಕ್ಕ ಒಬ್ಬಳು ಮಾತ್ರ ಕೆಮ್ಮಿರಲಿಲ್ಲ. ಅವಳ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದು, "ನಂಗೇನಾಗ್ಲಿಲ್ಲ ಕಣೇ ಓಬಿ, ಒಂಚೂರು ಚುರುಚುರು ಅಂತು ಅಷ್ಟೇಯ. ಆದ್ರೆ ಮನೇಲಿ ಕಳ್ಸಲ್ಲ," ಎಂದಳು. ದಾರಿಯುದ್ದಕ್ಕೂ ಯೋಚಿಸಿದೆ: ಅವಳು ಪಲ್ಯದ ಮೇಲೂ ಹುಣಸೆ ಸಾರು ಸುರಿದುಕೊಂಡಿದ್ದಳಲ್ಲ! ಕೈಗೆ ಎಣ್ಣೆ ಸವರಿಕೊಂಡು ಗಡ್ಡೆ ಹೆಚ್ಚಿದೆ, ಹೋಳುಗಳನ್ನು ಹುಣಸೆ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ನೀರು ಚೆಲ್ಲಿದೆ. ಕಡಲೆಕಾಳಿನಷ್ಟು ಚೂರು ತಿಂದು ಒಂದು ದಿನ ಕಾದೆ. ಮಾರನೆಯ ದಿನ ಒಂದು ಹೋಳು. ಅದರ ಮಾರನೆಯ ದಿನ ಒಂದು ಬಟ್ಟಲು. ಏನೂ ಆಗಲಿಲ್ಲ. ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ತಿಂದರೆ, ನಿಜ ಹೇಳುತ್ತೇನೆ, ಅಷ್ಟು ರುಚಿಯಾದದ್ದನ್ನು ನಾನು ಈ ಜನ್ಮದಲ್ಲಿ ತಿಂದಿಲ್ಲ. ಹೇಳೋಣವೆಂದರೆ ಮನೆಯಲ್ಲಿ ಯಾರೂ ಇರಲಿಲ್ಲ. ತಟ್ಟೆ ಹಿಡಿದುಕೊಂಡು ಅತ್ತೆ.

ಅಳತೆಮನೆಯವರು ಗಡ್ಡೆಯನ್ನು ಪರೀಕ್ಷೆ ಮಾಡಿ, ಅದರಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ, ಚುಚ್ಚುವುದು ಅವೇ ಎಂದರು. ವಿಷವಲ್ಲ ಎಂದೂ ಬರೆದುಕೊಟ್ಟರು. ಆ ಚೀಟಿಯನ್ನು ಊರ ಬಾಗಿಲಿಗೆ ಅಂಟಿಸಿದ್ದೇನೆ. ಚೀಟಿ ಓದಿ ಯಾರು ಊಟಕ್ಕೆ ಬರುತ್ತಾರೆ?

ಈಗ ನಿಮ್ಮ ಮೇಲಿನ ಸಿಟ್ಟು. ನಿಮಗೆ ಗೊತ್ತಿತ್ತು. ನಿಮ್ಮ ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದೇ ಎಂದು ಬರೆಯದೆ ಬಿಟ್ಟಿರಿ. ಕಳೆದುಹೋದದ್ದೆಲ್ಲ ಅಂಥದ್ದೇ. ಅಪರೂಪದ ಅಡುಗೆಗಳನ್ನು ಬಣ್ಣದ ಚಿತ್ರ ಹಾಕಿ ಅಚ್ಚು ಮಾಡಿಸಿದಿರಿ, ದಿನಾ ಮಾಡುವುದನ್ನು ಎಂದಿನಂತೆ ಎಂದು ಮುಗಿಸಿದಿರಿ. ನನ್ನದೊಂದು ಬೇಡಿಕೆ. ಈ ಕಾಗದ ನಿಮ್ಮ ಕೈಸೇರಿದರೆ, ಇವತ್ತೇ ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರ ಪಕ್ಕ ಹೋಗಿ ನಿಲ್ಲಿ. ಯಾಕೆ ನೆನೆಹಾಕಿದೆ, ಯಾಕೆ ಬಸಿದೆ, ಯಾವ ವಾಸನೆ ಬಂದಾಗ ಇಳಿಸಿದೆ ಎಂದು ಕೇಳಿ. ಇದೂ ಒಂದು ಕೇಳುವ ವಿಷಯವೇ ಎಂದು ಅವರು ನಗಬಹುದು. ನಗಲಿ. ಬರೆದಿಡಿ.

ಇಷ್ಟು ಬರೆಯುವಾಗ ತಿಪ್ಪಣ್ಣನವರು ಬಂದಿದ್ದಾರೆ. ಇವತ್ತು ಪಂಕ್ತಿಯ ದಿನ; ಎಂದಿಗಿಂತ ಬೇಗ ಪಲ್ಯ ಇಳಿಸಿ, ಹನ್ನೊಂದು ತಟ್ಟೆ ಹಾಕಿ, ಬಾಗಿಲ ಕಡೆ ನೋಡಬಾರದೆಂದೇ ಕಾಗದ ಹಿಡಿದು ಕೂತಿದ್ದೆ. "ತಿನ್ನಾಕಲ್ಲ ತಂಗಿ, ಕುಂತ್ಕಣಾಕ್ ಬಂದೆ," ಎಂದು ತಮ್ಮ ಜಾಗದಲ್ಲೇ ಕೂತರು. ಜೇಬಿನಿಂದ ಬಿಲ್ಲೆ ತೆಗೆದು ನಿಧಾನಕ್ಕೆ ಮುರಿದು ತಿನ್ನುತ್ತಿದ್ದಾರೆ. ದನಿ ಇನ್ನೂ ಪೂರ್ತಿ ಬಂದಿಲ್ಲ. ನಾನು ಅವರೆದುರೇ ಒಂದು ಹೋಳು ತಿಂದೆ. ಇನ್ನೊಂದನ್ನು ಅವರ ತಟ್ಟೆಯ ಅಂಚಿಗಿಟ್ಟೆ. ಅವರು ಅದನ್ನು ನೋಡಿದರು. ಮುಟ್ಟಲಿಲ್ಲ, ತಟ್ಟೆಯನ್ನು ದೂರ ಸರಿಸಲೂ ಇಲ್ಲ.

ಬಿಲ್ಲೆ ಮುಗಿದು ಎಷ್ಟೋ ಹೊತ್ತಾಯಿತು, ಅವರು ಎದ್ದಿಲ್ಲ. ಕಾಗದವನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಪಂಕ್ತಿಯಲ್ಲಿ ಒಬ್ಬರು ಕೂತಿದ್ದರೂ ಬಡಿಸುವವಳು ಬೇರೆ ಕೆಲಸಕ್ಕೆ ಕೈ ಹಾಕಬಾರದಂತೆ. ಇದೊಂದನ್ನು ನೀವು ಬರೆದಿಟ್ಟಿದ್ದೀರಿ.