ಹೊಸಕೋಟೆ ಬಸ್ಸಿನ ಬಾಗಿಲು

ಮಾರ್ಚ್ ೨, ೨೦೦೩. ಭಾನುವಾರ
ಮಳೆ ಇಲ್ಲ. ಸ್ಪ್ರಿಂಕ್ಲರ್ ಕಾಫಿ ತೋಟದ ಮೇಲಿನ ಪಟ್ಟೆಗೆ ಬದಲಾಯಿಸಿದೆ. ಪಂಪಿನ ವಾಷರ್ ಮತ್ತೆ ಹೋಗಿದೆ... ದರಿದ್ರ.
ಮಧ್ಯಾಹ್ನ ತಮ್ಮನ ಮಗಳು ಚೈತ್ರಶ್ರೀ ಬಂದಳು. ಹಾಸನದ ಹಾಸ್ಟೆಲಿನಲ್ಲಿ ಕಲಿತ ಆಟವಂತೆ. ಮಣೆ ಇಲ್ಲ, ಕಾಯಿ ಇಲ್ಲ. ಎರಡು ಹಾಳೆ, ನಾಲ್ಕು ಕವಡೆ, ಅಷ್ಟೇ. ನಕ್ಷತ್ರಗಳ ನಡುವೆ ಹೋಗುವ ಹಡಗಿನಲ್ಲಿದ್ದೇವೆ ಅಂದುಕೊಂಡು ಮಾತಾಡಬೇಕು. ಕಷ್ಟದ ಕೆಲಸಕ್ಕೆ ಕವಡೆ ಹಾಕಬೇಕು. ಉಳಿದದ್ದಕ್ಕೆ ಒಂದೇ ರೂಲು — ಯಾರು ಏನು ಮಾಡಿದರೂ ಅವರೇ ಬಾಯಿಬಿಟ್ಟು ಅಂದರೆ ಮಾತ್ರ ಆದ ಹಾಗೆ, ಆಗ ಅವಳು ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ.
"ನಾಕ್ನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನಿಗೆ ಇವೆಲ್ಲ ಯಾಕೆ?" ಅಂದೆ.
"ನೀವು ಇಂಜಿನ್ ಮೆಕ್ಯಾನಿಕ್, ದೊಡ್ಡಪ್ಪ. ಪಂಪ್ ಬಿಚ್ಚಲ್ವಾ, ಹಂಗೇಯ."
ಹಡಗಿಗೆ ಹೆಸರು ಬೇಕಂತೆ. "ಹೊಸಕೋಟೆ ಬಸ್ಸು ಅಂತ ಇಡೇ. ಅದೂ ಎಲ್ಲಿ ಕೆಟ್ಟು ನಿಲ್ತೈತೋ ಗೊತ್ತಿಲ್ಲ" ಅಂದಳು ನನ್ನ ಹೆಂಡತಿ ಗಂಗಾಮಣಿ.

ಮಾರ್ಚ್ ೯
ಈ ಸಲ ಅಪ್ಪನನ್ನೂ ಕರೆತಂದಳು. ತಮ್ಮ ಯೋಗಾನಂದ ನನ್ನ ಜಗಲಿ ಹತ್ತಿ ಒಂಬತ್ತು ವರ್ಷ. ಆಗ ಕಾಫಿ ಹೂವಿಗೆ ನೀರು ಹೊಡೆಯಲು ಪಂಪ್‌ಸೆಟ್ ಕೇಳಿದ್ದ. ಎರಡೇ ದಿನಕ್ಕೆ. ಕೊಡಲ್ಲ, ಸವೆಯುತ್ತೆ ಅಂದೆ. ಅವನ ಮೊಗ್ಗೆಲ್ಲ ಒಣಗಿತು. ಮಾತೂ ನಿಂತಿತು.
ಇವತ್ತೂ ನನ್ನ ಮುಖ ನೋಡಲಿಲ್ಲ. ಆಟದಲ್ಲಿ ಅವನು ಹಡಗಿನ ಡ್ರೈವರ್.
"ಮೆಕ್ಯಾನಿಕ್ಕಿಗೆ ಹೇಳಮ್ಮ, ಇಂಜಿನ್ ಕಾದೈತೆ."
"ಡ್ರೈವರಿಗೆ ಹೇಳು, ಗೇರ್ ನೆಟ್ಟಗೆ ಹಾಕಕ್ಕೆ ಬರಲ್ಲ ಅಂತ."
ಗಂಗಾಮಣಿ ಬಾಯಿಗೆ ಸೆರಗಿಟ್ಟು ನಕ್ಕಳು. ಅವನೂ ನಕ್ಕ. ಅವನು ಹೋಗುವಾಗ ನಾನು ಮುಂದಿನ ವಾರ ಬಾ ಅನ್ನಬಹುದಿತ್ತು. ಅನ್ನಲಿಲ್ಲ.

ಮಾರ್ಚ್ ೧೬
ಹಡಗಿನ ಹೊರಮೈಯಲ್ಲಿ ಏನೋ ಕಿತ್ತುಹೋಯಿತು. ರಿಪೇರಿಗೆ ಯೋಗಾನಂದ ಹೊರಗೆ ಹೋದ. ಕವಡೆ ಕೆಟ್ಟದಾಗಿ ಬಿತ್ತು. ಉಸಿರಾಡುವ ಗಾಳಿ ಮುಗಿಯುತ್ತಿದೆ, ಬಾಗಿಲು ತೆಗೆಯುವುದು ಮೆಕ್ಯಾನಿಕ್ ಕೈಲಿ — ಅಂದಳು ಚೈತ್ರ.
ಅವನು ನೇರ ನನ್ನನ್ನೇ ನೋಡಿದ. "ಅಣ್ಣಯ್ಯ, ಬಾಗ್ಲು ತೆಗಿ. ಸವೆಯಕ್ಕೆ ಇದೇನ್ ಪಂಪ್‌ಸೆಟ್ಟಾ?"
ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು.
"ತೆಗೆಯಲ್ಲ, ಹೋಗು."
ಚೈತ್ರಳ ಪೆನ್ಸಿಲು ನಿಂತಿತು. "ಇನ್ನೊಂದ್ ಸುತ್ತಿನ ಗಾಳಿ ಐತೆ ದೊಡ್ಡಪ್ಪ... ಮುಂದಿನ್ ವಾರ ಹೇಳಿ."
ಅವನು ಚಪ್ಪಲಿ ಮೆಟ್ಟಿದ. "ಅವತ್ತೂ ಹಿಂಗೇ ಅಂದಿದ್ದ. ಬುಡಮ್ಮ."

ಮಾರ್ಚ್ ೨೩
ಮಳೆ ೪೦ ಸೆಂಟ್ಸ್, ಅರ್ಧ ಇಂಚೂ ಇಲ್ಲ. ಯಾರೂ ಬರಲಿಲ್ಲ.
"ಆಟದಾಗೂ ಸೋಲಕ್ಕಾಗಲ್ವಾ ನಿಮ್ಗೆ? ಹೋಗಿ ಕರ್ಕೊಂಡ್ ಬನ್ನಿ" ಅಂದಳು ಗಂಗಾಮಣಿ. ಗದರಿದೆ. ಆಮೇಲೆ ಅವನ ತೋಟದ ಬೇಲಿಯವರೆಗೆ ಹೋದೆ. ಅವನ ಜೀಪು ನಿಂತಿತ್ತು. ವಾಪಸ್ ಬಂದೆ. ನಾಳೆ ಹೋದರಾಯಿತು.

ಏಪ್ರಿಲ್ ೧೧
ಹೋಗಲಿಲ್ಲ.
ಮೊನ್ನೆ ಯೋಗಾನಂದ ತೋಟದಲ್ಲೇ ಬಿದ್ದನಂತೆ. ಲಕ್ವ. ಬಲಗಡೆ ಹೋಗಿದೆ. ಮಾತೂ ಹೋಗಿದೆ. ಆಸ್ಪತ್ರೆಗೆ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತು ಬಂದೆ. ಒಳಗೆ ಕಾಲಿಡಲು ಮುಖವಿರಲಿಲ್ಲ.

ಏಪ್ರಿಲ್ ೨೭. ಭಾನುವಾರ, ಸಂಜೆ
ಮಳೆ ಅಳತೆ ನೋಡಲಿಲ್ಲ.
ಅವನನ್ನು ಮನೆಗೆ ತಂದಿದ್ದಾರೆ. ಹೋದೆ. ಮಂಚದ ಅಂಚಿನಲ್ಲಿ ಕೂತೆ. ಕೇಳುವ ಮೊದಲೇ ಚೈತ್ರ ಆ ಎರಡು ಹಾಳೆ ತಂದಳು.
"ಬಾಗ್ಲು ತೆಗ್ದೆ ಕಣೋ" ಅಂದೆ. "ಒಳಿಕ್ ಬಾ."
ಬರೆದುಕೊಂಡಳು.
"ಬಂದ ಅಂತಾನೂ ಬರ್ಕೊಳಮ್ಮ."
"ಅದನ್ನ ಅಪ್ಪನೇ ಅನ್ಬೇಕಲ್ಲ, ದೊಡ್ಡಪ್ಪ..."
ಅವನ ಎಡಗೈ ನನ್ನ ಮಣಿಕಟ್ಟು ಹಿಡಿಯಿತು. ತುಟಿ ಅಲುಗಿತು. ಕಾದೆವು. ಮಂಚದ ಮೇಲಿದ್ದ ಬಿಸಿಲು ನೆಲಕ್ಕಿಳಿಯಿತು. ಅವನು ಮತ್ತೆ ಬಾಯಿ ತೆರೆದ. ಚೈತ್ರ ಪೆನ್ಸಿಲು ಹಿಡಿದೇ ಇದ್ದಳು. "ನೀನು ಅನ್ನೋಗಂಟ ಬಾಗ್ಲು ತೆಗ್ದೇ ಇರ್ತೈತೆ" ಅಂದೆ ನಾನು.